ಚೆರ್ರಿ ಎಂದರೆ ಯಾವುದು: ಹಸಿ ಹಣ್ಣೋ, ಒಣಗಿದ ಕಾಫಿಯೋ, ಬೀಜವೋ?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಯಾವುದೇ ಕಾಫಿ ವ್ಯಾಪಾರಿಯ ಮಳಿಗೆಯ ಮುಂದಿನ ದರಪಟ್ಟಿಯಲ್ಲಿ, ಅರೇಬಿಕಾ, ರೊಬಸ್ಟಾ ಎಂಬ ಎರಡು ಕಾಫಿ ಜಾತಿಗೆ ಎರಡೆರಡರಂತೆ, ನಾಲ್ಕು ಸಾಲುಗಳಿರುತ್ತವೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ. ಪತ್ರಿಕೆಗಳ ಮಾರುಕಟ್ಟೆ ಪುಟದಲ್ಲೂ ಇದೇ ನಾಲ್ಕು ಸಾಲು. ತೋಟದಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಹೊಸದಾಗಿ ತೋಟ ಕೊಂಡವರು, ಪಟ್ಟಣದಿಂದ ವಾಪಸು ಬಂದು ಅಪ್ಪನ ಲೆಕ್ಕದ ಪುಸ್ತಕ ಕೈಗೆತ್ತಿಕೊಂಡ ಮಕ್ಕಳು, ವಿದೇಶಿ ಖರೀದಿದಾರರಿಗೆ ನೇರವಾಗಿ ಕಾಫಿ ಮಾರಲು ಹೊರಟವರು ಇಲ್ಲಿ ಎಡವುತ್ತಾರೆ. ಇಂಟರ್ನೆಟ್‌ನಲ್ಲಿ ‘ಕಾಫಿ ಚೆರ್ರಿ’ ಎಂದು ಹುಡುಕಿದರೆ ಗಿಡದ ಮೇಲಿನ ಕೆಂಪು ಹಣ್ಣಿನ ಚಿತ್ರ ಬರುತ್ತದೆ. ವ್ಯಾಪಾರಿ ಚೆರ್ರಿ ಎಂದಾಗ ಅವನ ಮನಸ್ಸಿನಲ್ಲಿರುವುದು ಕಪ್ಪಗೆ ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುವ ಕಾಯಿ. ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ‘ಚೆರ್ರಿ ಎಬಿ’ ಎಂದು ಬರೆದ ಚೀಲ ಬಿಚ್ಚಿದರೆ ಸಿಪ್ಪೆಯೇ ಇಲ್ಲದ ಬೀಜ ಸಿಗುತ್ತದೆ. ಮೂರಕ್ಕೂ ಒಂದೇ ಹೆಸರು, ಮೂರರ ಬೆಲೆಯೂ ಬೇರೆ ಬೇರೆ. ದರ ಕೇಳುವ ಮೊದಲು ಯಾವ ಹಂತದ ಚೆರ್ರಿ ಎಂದು ಗೊತ್ತುಮಾಡಿಕೊಳ್ಳದಿದ್ದರೆ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ.

ಮೊದಲು ಹಣ್ಣನ್ನೇ ನೋಡೋಣ. ಚೆನ್ನಾಗಿ ಹಣ್ಣಾದ ಒಂದು ಅರೇಬಿಕಾ ಹಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಕೆಂಪು ಸಿಪ್ಪೆ ಬಿರಿದು, ಎರಡು ಬೀಜ ಜಾರಿ ಹೊರಬರುತ್ತವೆ. ಬೆರಳಿಗೆ ಅಂಟುವ ಸಿಹಿ ಲೋಳೆ ಅವುಗಳ ಮೈಗೆ ಮೆತ್ತಿಕೊಂಡಿರುತ್ತದೆ. ಲೋಳೆಯನ್ನು ತೊಳೆದು ಬೀಜವನ್ನು ಒಣಗಿಸಿದರೆ ಹುಲ್ಲಿನ ಬಣ್ಣದ ಗಟ್ಟಿ ಪದರ ಕಾಣುತ್ತದೆ. ಅದೇ ಪಾರ್ಚ್‌ಮೆಂಟ್. ಅದರೊಳಗೆ ತೆಳ್ಳನೆಯ ಬೆಳ್ಳಿ ಪೊರೆ, ಅದರ ಒಳಗೆ ಬೂದುಹಸಿರು ಬಣ್ಣದ ಬೀಜ. ಎರಡು ಬೀಜದ ಬದಲು ಒಂದೇ ದುಂಡು ಬೀಜ ಬೆಳೆದರೆ ಅದು ಪೀಬೆರ್ರಿ. ಕ್ಯೂರಿಂಗ್‌ನಲ್ಲಿ ಅದನ್ನು ಪಿಬಿ ಎಂದು ಬೇರೆಯಾಗಿಯೇ ವಿಂಗಡಿಸುತ್ತಾರೆ.

ಸಸ್ಯಶಾಸ್ತ್ರದ ಪ್ರಕಾರ ಕಾಫಿ ಹಣ್ಣು ಮಾವು, ಬಾದಾಮಿ, ನಿಜವಾದ ಚೆರ್ರಿಗಳ ಗುಂಪಿಗೆ ಸೇರುತ್ತದೆ: ಹೊರಗೆ ಸಿಪ್ಪೆ, ನಡುವೆ ತಿರುಳು, ಒಳಗೆ ಬೀಜವನ್ನು ಸುತ್ತಿದ ಗಟ್ಟಿ ಓಟೆ. ಮಾವಿನ ಹಣ್ಣಿನಲ್ಲಿ ನಾವು ಚೀಪಿ ಎಸೆಯುವ ಓಟೆಯೂ ಕಾಫಿಯ ಪಾರ್ಚ್‌ಮೆಂಟೂ ಹಣ್ಣಿನ ಒಂದೇ ಭಾಗ. ಹೀಗಾಗಿ ಇಂಗ್ಲಿಷಿನವರು ಕಾಫಿ ಹಣ್ಣನ್ನು ಚೆರ್ರಿ ಎಂದಿದ್ದು ಬಣ್ಣ ಮತ್ತು ಗಾತ್ರ ನೋಡಿಯೇ ಇದ್ದರೂ ಒಳರಚನೆಯ ಲೆಕ್ಕದಲ್ಲೂ ಸರಿಯೇ. ಅದೇ ಹಣ್ಣಿಗೆ ಅವರೇ ಕೊಟ್ಟ ಇನ್ನೊಂದು ಹೆಸರು ಬೆರ್ರಿ. ಅದು ಶಾಸ್ತ್ರದ ಮಟ್ಟಿಗೆ ತಪ್ಪು, ಏಕೆಂದರೆ ಬೆರ್ರಿಗೆ ಓಟೆ ಇರಬಾರದು. ಟೊಮೆಟೊ, ದ್ರಾಕ್ಷಿ, ಬಾಳೆ ನಿಜವಾದ ಬೆರ್ರಿಗಳು. ಆದರೂ ಕಾಫಿ ಕಾಯಿ ಕೊರೆಯುವ ಕೀಟವಾದ ಕಾಯಿಕೊರಕಕ್ಕೆ ಬೆರ್ರಿ ಬೋರರ್ ಎಂಬ ಹೆಸರೇ ಉಳಿದಿದೆ, ಪೀಬೆರ್ರಿಯೂ ಉಳಿದಿದೆ. ಬೀನ್ ಎಂಬುದೂ ಅಷ್ಟೇ. ಕಾಫಿ ಬೀಜಕ್ಕೂ ಹುರುಳಿಕಾಯಿ ಜಾತಿಗೂ ಸಂಬಂಧವಿಲ್ಲ.

ಈ ಚೆರ್ರಿ ಎಂಬ ಪದ ಇಂಗ್ಲಿಷಿಗೂ ಹೊರಗಿನಿಂದ ಬಂದದ್ದು. ಬೆರ್ರಿ ಅವರ ಮನೆಯ ಹಳೆಯ ಪದ, ಚೆರ್ರಿ ಫ್ರೆಂಚ್ ಕಡೆಯಿಂದ ಬಂದ ಪದ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನಿಂದ ‘ಚೆರೀಸ್’ ಎಂಬ ರೂಪ ಬಳಕೆಗೆ ಬಂತು. ಫ್ರೆಂಚಿನಲ್ಲಿ ಚೆರೀಸ್ ಎಂದರೆ ಒಂದೇ ಹಣ್ಣು. ಆದರೆ ಇಂಗ್ಲಿಷಿನಲ್ಲಿ ಕೊನೆಯ ‘ಸ್’ ಬಹುವಚನದ ಗುರುತು. ಕೇಳಿದವರು ಚೆರೀಸ್ ಎಂದರೆ ಹಲವು ಎಂದುಕೊಂಡು, ಒಂದಕ್ಕೆ ಚೆರ್ರಿ ಎನ್ನತೊಡಗಿದರು. ಸುಮಾರು 1300ರ ಹೊತ್ತಿಗೆ ಹೊಸ ರೂಪ ಬರವಣಿಗೆಯಲ್ಲಿ ಕಾಣಿಸುತ್ತದೆ. ಬಟಾಣಿಯ ಇಂಗ್ಲಿಷ್ ಹೆಸರಿಗೂ ಹೀಗೇ ಆಯಿತು: ಮೂಲ ರೂಪ ‘ಪೀಸ್’, ಅದನ್ನು ಬಹುವಚನವೆಂದು ತಿಳಿದು ಒಂದು ಕಾಳಿಗೆ ‘ಪೀ’ ಎಂದರು.

ಫ್ರೆಂಚಿನ ಹಿಂದೆ ಲ್ಯಾಟಿನ್ ಇದೆ, ಲ್ಯಾಟಿನ್ನಿನ ಹಿಂದೆ ಗ್ರೀಕಿನ ‘ಕೆರಾಸೋಸ್’. ಕಪ್ಪು ಸಮುದ್ರದ ದಕ್ಷಿಣ ದಂಡೆಯಲ್ಲಿ ಕೆರಾಸೂಸ್ ಎಂಬ ಊರಿತ್ತು. ಈಗ ಟರ್ಕಿಯಲ್ಲಿರುವ ಗಿರೆಸುನ್ ಪಟ್ಟಣದ ಹೆಸರಿನಲ್ಲಿ ಅದು ಉಳಿದಿದೆ. ಊರಿನಿಂದ ಹಣ್ಣಿಗೆ ಹೆಸರು ಬಂತೆಂದು ಹಿಂದೆ ಹೇಳುತ್ತಿದ್ದರು. ಹಣ್ಣಿನಿಂದಲೇ ಊರಿಗೆ ಹೆಸರು ಬಂದಿರಬೇಕೆಂದು ಈಗಿನ ಭಾಷಾ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಕ್ರಿ.ಪೂ. 74ರಲ್ಲಿ ಆ ಕಡೆ ಯುದ್ಧಕ್ಕೆ ಹೋದ ರೋಮನ್ ಸೇನಾಪತಿ ಲುಕುಲ್ಲಸ್ ಚೆರ್ರಿ ಮರವನ್ನು ಇಟಲಿಗೆ ತಂದನೆಂದೂ, 120 ವರ್ಷಗಳಲ್ಲಿ ಅದು ಸಮುದ್ರ ದಾಟಿ ಬ್ರಿಟನ್ನಿಗೆ ಮುಟ್ಟಿತೆಂದೂ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಯುರೋಪಿನ ಕಾಡುಗಳಲ್ಲಿ ಕಾಡು ಚೆರ್ರಿ ಅದಕ್ಕೂ ಮೊದಲೇ ಇತ್ತು. ಲುಕುಲ್ಲಸ್ ತಂದದ್ದು ಒಳ್ಳೆಯ ತಳಿಯನ್ನಿರಬೇಕು.

ಪಾರ್ಚ್‌ಮೆಂಟ್‌ನ ಬೇರೂ ಇದೇ ಟರ್ಕಿಯ ನೆಲದಲ್ಲಿದೆ. ಕುರಿ, ಕರು, ಮೇಕೆಯ ಚರ್ಮವನ್ನು ಹದಮಾಡಿ ಬರೆಯಲು ಬಳಸುತ್ತಿದ್ದ ಹಾಳೆಗೆ, ಅದಕ್ಕೆ ಹೆಸರಾಗಿದ್ದ ಪೆರ್ಗಮಮ್ ನಗರದಿಂದ ಆ ಹೆಸರು ಬಂತು. ಕಾಫಿ ಬೀಜದ ಮೇಲಿನ ಒಣ ಪದರ ಅದೇ ಬಣ್ಣದ್ದು, ಅದೇ ಥರ ಚರಚರ ಎನ್ನುವಂಥದ್ದು.

ಗಿಡದ ಮೇಲಿನ ಹಣ್ಣಿಗೆ ಇಟ್ಟ ಹೆಸರು ಕಣದಲ್ಲಿ ಒಣಗಿದ ಸರಕಿಗೆ ಹೇಗೆ ಅಂಟಿತು ಎಂಬುದನ್ನು ತೋಟದ ಕೆಲಸದಿಂದಲೇ ತಿಳಿಯಬಹುದು. ಕೊಯ್ದ ಹಣ್ಣಿಗೆ ಎರಡೇ ದಾರಿ. ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹೋದ ಹಣ್ಣು ಸಿಪ್ಪೆ ಕಳೆದುಕೊಂಡು ಪಾರ್ಚ್‌ಮೆಂಟ್ ಆಗುತ್ತದೆ, ಹೊಸ ಹೆಸರು ಪಡೆಯುತ್ತದೆ. ಪಲ್ಪರ್‌ಗೆ ಹೋಗದ ಹಣ್ಣು ಇಡಿಯಾಗಿಯೇ ಒಣಗುತ್ತದೆ. ಅದಕ್ಕೆ ಹೆಸರು ಬದಲಾಗಲು ಕಾರಣವೇ ಇರಲಿಲ್ಲ. ಭಾರತದ ಕಾಫಿ ವ್ಯಾಪಾರದಲ್ಲಿ ಚೆರ್ರಿ ಎಂದರೆ ಇಡೀ ಹಣ್ಣಾಗಿ ಒಣಗಿದ್ದು ಎಂಬ ಅರ್ಥ ನಿಂತಿತು. ಆ ಒಣಗಿದ ಹಣ್ಣಿನಿಂದ ತೆಗೆದ ಬೀಜಕ್ಕೂ ಚೆರ್ರಿ ಎಂಬ ಹೆಸರೇ ಮುಂದುವರಿಯಿತು. ತೋಟದ ಮಾತಿನಲ್ಲಿ ಗಿಡದ ಮೇಲಿನದಕ್ಕೆ ‘ಹಣ್ಣು’ ಎಂಬ ಪದವೇ ಇದ್ದದ್ದರಿಂದ ನಮ್ಮವರಿಗೆ ಇದರಿಂದ ತೊಂದರೆಯೂ ಆಗಲಿಲ್ಲ. ‘ಹಣ್ಣು ಕೊಯ್ದರು, ಚೆರ್ರಿ ಮಾಡಿದರು’ ಎಂದರೆ ಮಲೆನಾಡಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಯಾವ ಹಣ್ಣು ಯಾವ ದಾರಿ ಹಿಡಿಯುತ್ತದೆ ಎಂಬುದರಲ್ಲೇ ದರಪಟ್ಟಿಯ ಗುಟ್ಟಿದೆ. ಅರೇಬಿಕಾದಲ್ಲಿ ಕೆಂಪಗೆ ಹಣ್ಣಾದದ್ದು ಅದೇ ದಿನ ಪಲ್ಪರ್‌ಗೆ ಹೋಗುತ್ತದೆ. ಸಿಪ್ಪೆ ಬಿಡಿಸಿ, ಲೋಳೆ ಕಳೆಯಲು ತೊಟ್ಟಿಯಲ್ಲಿ 24ರಿಂದ 36 ಗಂಟೆ ಹುಳಿಯಲು ಬಿಟ್ಟು, ತೊಳೆದು, ಒಣಗಿಸಿದರೆ ಪಾರ್ಚ್‌ಮೆಂಟ್. ಪಲ್ಪಿಂಗ್‌ಗೆ ಮೊದಲು ನೀರಿಗೆ ಹಾಕಿದಾಗ ತೇಲುವ ಜೊಳ್ಳು, ಕೈತಪ್ಪಿ ಬಂದ ಹಸಿರು ಕಾಯಿ, ಅತಿಯಾಗಿ ಹಣ್ಣಾಗಿ ಗಿಡದಲ್ಲೇ ಅರೆಒಣಗಿದ್ದು, ಕೊನೆಯ ಕೊಯ್ಲಿನಲ್ಲಿ ರೆಂಬೆ ಸವರಿ ತೆಗೆದದ್ದು, ನೆಲದಿಂದ ಹೆಕ್ಕಿದ್ದು ಇವೆಲ್ಲ ಚೆರ್ರಿ ಕಣಕ್ಕೆ ಹೋಗುತ್ತವೆ. ಆದ್ದರಿಂದ ಅರೇಬಿಕಾ ಚೆರ್ರಿ ಎಂಬುದು ಬಹುತೇಕ ತೋಟಗಳಲ್ಲಿ ಆರಿಸಿ ಉಳಿದದ್ದರ ಹೆಸರು, ದರವೂ ಅದಕ್ಕೆ ತಕ್ಕಂತೆ. ರೊಬಸ್ಟಾದಲ್ಲಿ ಕಥೆಯೇ ಬೇರೆ. ಅದರ ಲೋಳೆ ಗಟ್ಟಿ, ಹುಳಿಸಿ ಕಳೆಯಲು ಹೆಚ್ಚು ಸಮಯ ಬೇಕು ಅಥವಾ ಯಂತ್ರದಲ್ಲಿ ಉಜ್ಜಬೇಕು. ನೀರೂ ಹೆಚ್ಚು ಬೇಕು, ಪಲ್ಪರ್‌ನ ಕೊಳೆನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಹಾಗಾಗಿ ಹೆಚ್ಚಿನ ಬೆಳೆಗಾರರು ಒಳ್ಳೆಯ ಹಣ್ಣನ್ನೂ ನೇರವಾಗಿ ಕಣಕ್ಕೆ ಹಾಕುತ್ತಾರೆ. ರೊಬಸ್ಟಾ ಚೆರ್ರಿ ಉಳಿಕೆ ಸರಕಲ್ಲ, ಅದೇ ಮುಖ್ಯ ಬೆಳೆ. ಎರಡು ಸಾಲಿನಲ್ಲೂ ಚೆರ್ರಿ ಎಂದೇ ಬರೆದಿದ್ದರೂ ಒಳಗಿನ ಮಾಲಿನ ಯೋಗ್ಯತೆಯನ್ನು ಒಂದೇ ಅಳತೆಯಲ್ಲಿ ನೋಡಬಾರದು.

ಚೆರ್ರಿ ಮಾಡುವುದು ಸುಲಭದ ಕೆಲಸ ಎಂಬ ಭಾವನೆ ಅನೇಕರಲ್ಲಿದೆ. ನೀರು ಬೇಡ, ಯಂತ್ರ ಬೇಡ, ಹರಡಿದರೆ ಸಾಕು ಎನ್ನುತ್ತಾರೆ. ಹಾಳಾಗುವುದು ಈ ಭಾವನೆಯಿಂದಲೇ. ಹಣ್ಣು ಕಣಕ್ಕೆ ಬಂದಾಗ ಅದರಲ್ಲಿ ಶೇ 60ಕ್ಕೂ ಹೆಚ್ಚು ನೀರಿರುತ್ತದೆ, ಸಿಪ್ಪೆಯೊಳಗೆ ಸಕ್ಕರೆಯಿರುತ್ತದೆ. ಬೂಸು ಬೆಳೆಯಲು ಇನ್ನೇನು ಬೇಕು? ಮೊದಲ ಮೂರು ನಾಲ್ಕು ದಿನ ಪದರ ತೆಳ್ಳಗಿರಬೇಕು. 8 ಸೆಂಟಿಮೀಟರ್ ದಾಟಬಾರದು, ಅದಕ್ಕಿಂತ ಕಡಿಮೆಯಿದ್ದಷ್ಟೂ ಒಳ್ಳೆಯದು. ಹಗಲಲ್ಲಿ ಗಂಟೆಗೊಮ್ಮೆ ಉದ್ದ ಹಿಡಿಯ ಮರದ ಹಲಗೆಯಿಂದ ತಿರುವುತ್ತಿರಬೇಕು. ಕೊಯ್ದ ಹಣ್ಣನ್ನು ಚೀಲದಲ್ಲೇ ರಾತ್ರಿ ಕಳೆಯಲು ಬಿಟ್ಟರೆ ಬೆಳಿಗ್ಗೆ ಕೈ ಹಾಕಿದಾಗ ಬಿಸಿ ತಾಗುತ್ತದೆ. ಆ ಬಿಸಿ ಎಂದರೆ ಹುಳಿಯುವಿಕೆ ಶುರುವಾಗಿದೆ ಎಂದರ್ಥ, ಮುಂದೆ ಎಷ್ಟು ಚೆನ್ನಾಗಿ ಒಣಗಿಸಿದರೂ ಕಪ್‌ನಲ್ಲಿ ಆ ಹುಳಿವಾಸನೆ ಹೋಗುವುದಿಲ್ಲ.

ನೆಲ ಸಿಮೆಂಟಿನದೋ ಹೆಂಚಿನದೋ ಇರಬೇಕು, ಇಲ್ಲವೆಂದರೆ ಟಾರ್ಪಾಲಾದರೂ ಬೇಕು. ಬರಿ ಮಣ್ಣಿನ ಮೇಲೆ, ಸಗಣಿ ಸಾರಿಸಿದ ಅಂಗಳದಲ್ಲಿ ಒಣಗಿಸಿದ ಚೆರ್ರಿ ಮಣ್ಣಿನ ವಾಸನೆ ಹಿಡಿಯುತ್ತದೆ. ಕಾಫಿ ಬೀಜ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ. ಗೊಬ್ಬರ, ಡೀಸೆಲ್, ಔಷಧಿ ಇಟ್ಟ ಕೋಣೆಯಲ್ಲಿ ಚೀಲ ಇಡಬಾರದೆನ್ನುವುದು ಇದಕ್ಕೇ. ಮಲೆನಾಡಿನ ಡಿಸೆಂಬರ್, ಜನವರಿಯ ಇಬ್ಬನಿ ಇನ್ನೊಂದು ಕಾಟ. ಅರೆಒಣಗಿದ ಚೆರ್ರಿಯನ್ನು ಸಂಜೆ ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಕಣದ ನೆಲ ಆರಿದ ಮೇಲೆ ಹರಡಬೇಕು. ಎದ್ದ ಕೂಡಲೇ ಒದ್ದೆ ನೆಲದ ಮೇಲೆ ಹರಡಿದರೆ ಹಿಂದಿನ ದಿನದ ಬಿಸಿಲು ವ್ಯರ್ಥ. ಒಣಗುತ್ತಿರುವ ಕಾಯಿ ಮತ್ತೆ ನೆನೆಯುವುದು, ಹಸಿಯಾಗಿಯೇ ಒಂದು ದಿನ ಹೆಚ್ಚು ಇರುವುದಕ್ಕಿಂತ ಕೆಟ್ಟದ್ದು. ಒಕ್ರಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವ ಬೂಸು ಬೆಳೆಯುವುದು ಹೀಗೆ ನಿಧಾನವಾಗಿ ಒಣಗುವ, ಒಣಗಿ ಮತ್ತೆ ನೆನೆಯುವ ಸರಕಿನಲ್ಲಿ. ಯುರೋಪಿನ ದೇಶಗಳು ಇದಕ್ಕೆ ಕಡ್ಡಾಯ ಮಿತಿ ಇಟ್ಟಿವೆ. ಹುರಿದರೆ ಒಂದಿಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಬಿಸಿಲು ಸರಿಯಾಗಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಅರೇಬಿಕಾ ಚೆರ್ರಿ ಸಿದ್ಧ, ಮೋಡ ಕವಿದರೆ ಮೂರು ವಾರವೂ ದಾಟುತ್ತದೆ. ಹಳಬರ ಪರೀಕ್ಷೆ ಸರಳ: ಒಂದು ಮುಷ್ಟಿ ಚೆರ್ರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಸಿಪ್ಪೆಗೆ ಬಡಿದು ಗಲಗಲ ಎನ್ನಬೇಕು. ಮಂದವಾದ ಸದ್ದು ಬಂದರೆ ಇನ್ನೂ ಬಿಸಿಲು ಬೇಕು. ಈ ಪರೀಕ್ಷೆ ಒಳ್ಳೆಯದೇ, ಆದರೆ ಕೊನೆಯ ಮಾತು ತೇವ ಮಾಪಕದ್ದು. ಕಾಫಿ ಮಂಡಳಿ ಶಿಫಾರಸು ಮಾಡುವ ತೇವಾಂಶ ಪಾರ್ಚ್‌ಮೆಂಟ್‌ಗೆ ಶೇ 10, ಅರೇಬಿಕಾ ಚೆರ್ರಿಗೆ ಶೇ 10.5, ರೊಬಸ್ಟಾ ಚೆರ್ರಿಗೆ ಶೇ 11. ಮಾಪಕದಲ್ಲಿ ಯಾವ ಬಗೆಯ ಕಾಫಿಗೆ ಯಾವ ಆಯ್ಕೆ ಎಂಬುದು ಬೇರೆ ಬೇರೆ ಇರುತ್ತದೆ. ಪಾರ್ಚ್‌ಮೆಂಟ್ ಆಯ್ಕೆಯಲ್ಲಿ ಚೆರ್ರಿ ಹಾಕಿ ಅಳೆದರೆ ಅಂಕಿ ತಪ್ಪು ಬರುತ್ತದೆ. ಒಣಗಿದ್ದು ಸಾಲದಿದ್ದರೆ ಚೀಲದಲ್ಲೇ ಬಣ್ಣಗೆಡುತ್ತದೆ, ಬೂಸು ಬರುತ್ತದೆ, ಕಾಯಿಕೊರಕದ ಸಂತಾನವೂ ಒಳಗೆ ಮುಂದುವರಿಯುತ್ತದೆ. ಅತಿಯಾಗಿ ಒಣಗಿದರೆ ಹಲ್ಲಿಂಗ್‌ನಲ್ಲಿ, ಅಂದರೆ ಒಣ ಸಿಪ್ಪೆ ಬಿಡಿಸುವಾಗ, ಬೀಜ ಒಡೆದು ಚೂರಾಗುತ್ತದೆ, ತೂಕವೂ ಹೋಗುತ್ತದೆ. ನಷ್ಟ ಎರಡೂ ಕಡೆ ಇದೆ.

ಇನ್ನು ದರ. ಚೆರ್ರಿಯ ದರವನ್ನು 50 ಕೆಜಿ ಚೀಲಕ್ಕೆ ಹೇಳುತ್ತಾರೆ, ಅಥವಾ ಔಟ್‌ಟರ್ನ್ ಮೇಲೆ ಹೇಳುತ್ತಾರೆ. ಔಟ್‌ಟರ್ನ್ ಅಂದರೆ 50 ಕೆಜಿ ಸರಕಿನಿಂದ ಸಿಪ್ಪೆ, ಹೊಟ್ಟು ತೆಗೆದ ಮೇಲೆ ಸಿಗುವ ಬೀಜದ ಕೆಜಿ. ಒಳ್ಳೆಯ ಚೆರ್ರಿಗೆ ಸಾಧಾರಣವಾಗಿ 25ರಿಂದ 28 ಬರುತ್ತದೆ, ಜೊಳ್ಳು ಹೆಚ್ಚಿದ್ದರೆ ಇನ್ನೂ ಇಳಿಯುತ್ತದೆ. ಪಾರ್ಚ್‌ಮೆಂಟ್‌ನಲ್ಲಿ ತೆಗೆಯಬೇಕಾದ ಸಿಪ್ಪೆ ತೆಳ್ಳಗಿನದಾದ್ದರಿಂದ 50 ಕೆಜಿಗೆ 40ರ ಆಸುಪಾಸು ಸಿಗುತ್ತದೆ.

ಔಟ್‌ಟರ್ನ್ ಅನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ನೋಡಿಕೊಳ್ಳಲೇಬೇಕು. ಬೇರೆ ಬೇರೆ ಚೀಲಗಳ ಮೇಲೆ, ನಡುವೆ, ಅಡಿಯಿಂದ ಸ್ವಲ್ಪ ಸ್ವಲ್ಪ ತೆಗೆದು ಚೆನ್ನಾಗಿ ಬೆರೆಸಿ, ಅದರಿಂದ 200 ಗ್ರಾಂ ತೂಗಿ. ಚಿಕ್ಕ ಹಲ್ಲರ್‌ನಲ್ಲೋ ಕೈಯಲ್ಲೋ ಸಿಪ್ಪೆ ಬಿಡಿಸಿ ಬೀಜವನ್ನು ತೂಗಿ. ಬಂದ ಗ್ರಾಂ ಅನ್ನು ನಾಲ್ಕರಿಂದ ಭಾಗಿಸಿದರೆ ಔಟ್‌ಟರ್ನ್ ಸಿಕ್ಕಿತು: 104 ಗ್ರಾಂ ಬಂದರೆ 26, 96 ಗ್ರಾಂ ಬಂದರೆ 24. ಮೇಲಿನ ಚೀಲವೊಂದರಿಂದ ಮಾತ್ರ ಸ್ಯಾಂಪಲ್ ತೆಗೆದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ. ವ್ಯಾಪಾರಿಯೂ ಇದನ್ನೇ ಮಾಡುತ್ತಾನೆ, ಜೊತೆಗೆ ಕಪ್ಪು ಬೀಜ, ಚೂರು, ಕೊರಕ ತಿಂದದ್ದು, ಹೆಚ್ಚಿನ ತೇವ ಇವುಗಳಿಗೆ ಕಡಿತ ಹಾಕುತ್ತಾನೆ. ನಿಮ್ಮ ಅಂಕಿ ನಿಮ್ಮ ಕೈಯಲ್ಲಿದ್ದರೆ ಮಾತುಕತೆ ಬೇರೆಯಾಗಿರುತ್ತದೆ.

ಲೆಕ್ಕ ತಿಳಿಯುವುದಕ್ಕಷ್ಟೇ ಒಂದು ದರ ಇಟ್ಟುಕೊಳ್ಳೋಣ. ರೊಬಸ್ಟಾ ಚೆರ್ರಿಗೆ ಔಟ್‌ಟರ್ನ್ ಪಾಯಿಂಟ್‌ಗೆ, ಅಂದರೆ ಬೀಜದ ಒಂದು ಕೆಜಿಗೆ, 400 ರೂಪಾಯಿ ಎಂದರೆ 26 ಬರುವ ಚೀಲಕ್ಕೆ 10,400, 24 ಬರುವ ಚೀಲಕ್ಕೆ 9,600. ಒಂದು ಚೀಲಕ್ಕೆ 800 ರೂಪಾಯಿ ವ್ಯತ್ಯಾಸ. ನೂರು ಚೀಲಕ್ಕೆ 80,000. ಇನ್ನು ಅದೇ ದಿನ ರೊಬಸ್ಟಾ ಪಾರ್ಚ್‌ಮೆಂಟ್ ಚೀಲಕ್ಕೆ 18,000 ಇದೆ ಎಂದುಕೊಳ್ಳಿ. ಪಟ್ಟಿ ನೋಡಿದವರಿಗೆ ಪಾರ್ಚ್‌ಮೆಂಟ್ ದರ ಚೆರ್ರಿಗಿಂತ ಮುಕ್ಕಾಲು ಪಾಲು ಹೆಚ್ಚು ಎನ್ನಿಸುತ್ತದೆ. ಹಾಗಿಲ್ಲ. 18,000ವನ್ನು 40ರಿಂದ ಭಾಗಿಸಿದರೆ ಬೀಜದ ಕೆಜಿಗೆ 450, ಚೆರ್ರಿಯಲ್ಲಿ 400. ನಿಜವಾದ ವ್ಯತ್ಯಾಸ ಕೆಜಿಗೆ 50 ರೂಪಾಯಿ. ಈ 50 ರೂಪಾಯಿಯಲ್ಲಿ ಪಲ್ಪಿಂಗ್ ಕೂಲಿ, ನೀರು, ಕರೆಂಟು, ಕೊಳೆನೀರಿನ ತೊಟ್ಟಿಯ ಖರ್ಚು ಕಳೆದು ಏನುಳಿಯುತ್ತದೆ ಎಂದು ನೋಡಿದ ಮೇಲೆಯೇ ಚೆರ್ರಿ ಮಾಡುವುದೋ ಪಾರ್ಚ್‌ಮೆಂಟ್ ಮಾಡುವುದೋ ಎಂದು ತೀರ್ಮಾನಿಸಬೇಕು. ಎರಡು ಸಾಲಿನ ಚೀಲದ ದರವನ್ನು ನೇರವಾಗಿ ಹೋಲಿಸಿ ಪಲ್ಪರ್ ಕೊಳ್ಳಲು ಹೊರಡುವವರಿಗೆ ಈ ಒಂದು ಭಾಗಾಕಾರ ದೊಡ್ಡ ನಷ್ಟ ತಪ್ಪಿಸುತ್ತದೆ.

ಹಸಿ ಹಣ್ಣನ್ನೇ ಕೆಜಿ ಲೆಕ್ಕದಲ್ಲಿ ಮಾರುವ ಸಣ್ಣ ಬೆಳೆಗಾರರಿಗೂ ಇದೇ ದಾರಿ. 100 ಕೆಜಿ ರೊಬಸ್ಟಾ ಹಣ್ಣು ಒಣಗಿದರೆ ಸುಮಾರು 40 ಕೆಜಿ ಚೆರ್ರಿ, ಅದರಿಂದ ಸುಮಾರು 21 ಕೆಜಿ ಬೀಜ. ಮೇಲಿನ ದರದಲ್ಲಿ ಅದು 8,400 ರೂಪಾಯಿ, ಅಂದರೆ ಹಣ್ಣಿನ ಕೆಜಿಗೆ 84. ಒಣಗಿಸುವ ಕೂಲಿ, ಕಾಯುವ ದಿನಗಳು, ಮಳೆಯ ಭಯ ಇವುಗಳಿಗೆ ಎಷ್ಟು ಬಿಡಬೇಕೆಂಬುದು ಅವರವರ ಲೆಕ್ಕ, ಆದರೆ ಎಲ್ಲಿಂದ ಬಿಡಬೇಕೆಂಬುದು ಗೊತ್ತಿರುತ್ತದೆ. ಅರೇಬಿಕಾದಲ್ಲಿ 100 ಕೆಜಿ ಹಣ್ಣಿಗೆ ಬೀಜ 16ರಿಂದ 18 ಕೆಜಿ ಮಾತ್ರ ಎಂಬುದನ್ನು ಮರೆಯಬಾರದು.

ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ ಹೆಸರುಗಳು ಮತ್ತೆ ಬದಲಾಗುತ್ತವೆ. ಅರೇಬಿಕಾ ಪಾರ್ಚ್‌ಮೆಂಟ್‌ನಿಂದ ಬಂದ ಬೀಜಕ್ಕೆ ಅಲ್ಲಿ ‘ಪ್ಲಾಂಟೇಶನ್’ ಎನ್ನುತ್ತಾರೆ: ಪ್ಲಾಂಟೇಶನ್ ಎ, ಪ್ಲಾಂಟೇಶನ್ ಬಿ. ರೊಬಸ್ಟಾದ್ದಕ್ಕೆ ಪಾರ್ಚ್‌ಮೆಂಟ್ ಹೆಸರೇ ಉಳಿಯುತ್ತದೆ. ಚೆರ್ರಿಯಿಂದ ಬಂದದ್ದು ಎರಡರಲ್ಲೂ ಚೆರ್ರಿಯೇ: ಅರೇಬಿಕಾ ಚೆರ್ರಿ ಎಬಿ, ರೊಬಸ್ಟಾ ಚೆರ್ರಿ ಎಬಿ, ಪಿಬಿ, ಸಿ. ಪಿಬಿ ಬಿಟ್ಟು ಉಳಿದ ಅಕ್ಷರಗಳು ಜರಡಿಯ ರಂಧ್ರದ ಗಾತ್ರ ಹೇಳುತ್ತವೆ. ಎ ಎಂದರೆ 6.65 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವ ಬೀಜ, ಎಬಿ 6 ಮಿಲಿಮೀಟರ್‌ನದು. ಗಾತ್ರ ದೊಡ್ಡದಿದ್ದರೆ ರುಚಿ ಹೆಚ್ಚೆಂದು ಅರ್ಥವಲ್ಲ, ಒಂದೇ ಗಾತ್ರದ ಬೀಜ ಸಮನಾಗಿ ಹುರಿಯುತ್ತದೆ ಎಂಬುದೇ ಇದರ ಉಪಯೋಗ. ಬೀಜ ನೋಡಿಯೂ ಚೆರ್ರಿಯನ್ನು ಗುರುತಿಸಬಹುದು. ಅದರ ಬೆಳ್ಳಿ ಪೊರೆ ಕಂದು ಬಣ್ಣಕ್ಕೆ ತಿರುಗಿ ಮೈಗೆ ಅಂಟಿಕೊಂಡಿರುತ್ತದೆ. ತೊಳೆದ ಬೀಜ ಬೂದುನೀಲಿ, ಮೈ ಚೊಕ್ಕಟ.

ಮಂಗಳೂರಿನ ಕರಾವಳಿಯಲ್ಲಿ ತಯಾರಾಗುವ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿ ಕೂಡ ಚೆರ್ರಿಯದೇ ಕೂಸು. ಅರೇಬಿಕಾ ಚೆರ್ರಿ ಬೀಜವನ್ನು ಮಳೆಗಾಲದ ತೇವಗಾಳಿ ಆಡುವ ಗೋದಾಮುಗಳಲ್ಲಿ ಹರಡಿ, ವಾರಗಟ್ಟಲೆ ತಿರುವಿ, ಚೀಲಕ್ಕೆ ಸಡಿಲವಾಗಿ ತುಂಬಿ ಇಡುತ್ತಾರೆ. ಬೀಜ ಉಬ್ಬುತ್ತದೆ, ಹೊಂಬಣ್ಣಕ್ಕೆ ತಿರುಗುತ್ತದೆ, ಹುಳಿ ಕಡಿಮೆಯಾಗುತ್ತದೆ. ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಹೋಗುತ್ತಿದ್ದ ಕಾಲದಲ್ಲಿ ಕಾಫಿಗೆ ತಾನಾಗಿಯೇ ಬರುತ್ತಿದ್ದ ಗುಣ ಅದು.

ಹೊರದೇಶದವರ ಜೊತೆ ವ್ಯವಹರಿಸುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ನಮ್ಮ ಪಾರ್ಚ್‌ಮೆಂಟ್‌ಗೆ ಅವರು ‘ವಾಶ್ಡ್’ ಎನ್ನುತ್ತಾರೆ, ನಮ್ಮ ಚೆರ್ರಿಗೆ ‘ನ್ಯಾಚುರಲ್’. ಕೀನ್ಯಾದಲ್ಲಿ ರೈತರಿಗೆ ಚೆರ್ರಿಗೆ ಕೆಜಿಗೆ ಇಷ್ಟು ಸಿಕ್ಕಿತು ಎಂಬ ಸುದ್ದಿ ಮೊಬೈಲ್‌ಗೆ ಬಂದರೆ ಅದು ಗಿಡದಿಂದ ಕೊಯ್ದ ಹಸಿ ಹಣ್ಣಿನ ದರ. ಅದನ್ನು ನಮ್ಮ ಒಣ ಚೆರ್ರಿಯ ದರದ ಪಕ್ಕ ಇಟ್ಟು ನೋಡಿದರೆ ಅಲ್ಲಿನವರಿಗೆ ಏನೂ ಸಿಗುತ್ತಿಲ್ಲ ಎನ್ನಿಸುತ್ತದೆ. ಇಡೀ ಹಣ್ಣಾಗಿ ಒಣಗಿದ್ದಕ್ಕೆ ಅವರ ಹೆಸರೇ ಬೇರೆ, ಎಂಬುನಿ. ಇಥಿಯೋಪಿಯಾದವರು ಜೆನ್‌ಫೆಲ್ ಎನ್ನುತ್ತಾರೆ.

ಹಾಗಿದ್ದರೆ ನಮ್ಮ ಎಲ್ಲ ಚೆರ್ರಿಯನ್ನೂ ನ್ಯಾಚುರಲ್ ಎಂದು ಮಾರಬಹುದೇ? ಒಣಗಿಸುವ ವಿಧಾನದ ಹೆಸರಾಗಿ ನೋಡಿದರೆ ಹೌದು. ಆದರೆ ಸ್ಪೆಷಾಲಿಟಿ ಕಾಫಿಯವರು ನ್ಯಾಚುರಲ್ ಎಂದು ಹೆಚ್ಚು ಬೆಲೆ ಕೊಡುವುದು ಪೂರ್ತಿ ಕೆಂಪಗಾದ ಹಣ್ಣನ್ನೇ ಆರಿಸಿ, ತೇಲಿದ್ದನ್ನು ತೆಗೆದು, ನೆಲದಿಂದ ಎತ್ತರದ ಜಾಲರಿ ಮಂಚದ ಮೇಲೆ ತೆಳ್ಳಗೆ ಹರಡಿ, ದಿನದಿನದ ತೇವ ಬರೆದಿಟ್ಟು ಒಣಗಿಸಿದ್ದಕ್ಕೆ. ವಿಧಾನ ಒಂದೇ, ಒಳಗೆ ಹೋದ ಹಣ್ಣು ಬೇರೆ. ಜೊಳ್ಳು, ಹಸಿರು, ನೆಲದ ಹೆಕ್ಕಲು ಬೆರೆತ ಅರೇಬಿಕಾ ಚೆರ್ರಿಗೆ ನ್ಯಾಚುರಲ್ ಎಂದು ಚೀಟಿ ಅಂಟಿಸಿದರೆ ಮೊದಲ ಸ್ಯಾಂಪಲ್‌ನಲ್ಲೇ ಖರೀದಿದಾರ ಕೈಬಿಡುತ್ತಾನೆ, ಎರಡನೇ ಸಲ ಫೋನ್ ಎತ್ತುವುದಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಕೊಟ್ಟ ಎಸ್. 795ರಂಥ ಒಳ್ಳೆಯ ತಳಿ ತೋಟದಲ್ಲಿದ್ದವರು ಒಂದೆರಡು ಚೀಲದಷ್ಟು ಹಣ್ಣಿನಲ್ಲಿ ಮೊದಲು ಇದನ್ನು ಮಾಡಿ ನೋಡುವುದು ಒಳ್ಳೆಯದು.

ಕಾಫಿಯ ಆಚೆಗೂ ಈ ಪದ ನಮ್ಮ ಊರುಗಳಲ್ಲಿ ಓಡಾಡುತ್ತದೆ. ಮೇ, ಜೂನ್‌ನಲ್ಲಿ ಹಾಸನದ ಹಣ್ಣಿನ ಅಂಗಡಿಗೆ ಬರುವ ನಿಜವಾದ ಚೆರ್ರಿ ಕಾಶ್ಮೀರ, ಹಿಮಾಚಲದ್ದು. ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಿಗದೆ ಆ ಮರ ಸರಿಯಾಗಿ ಹೂಬಿಡುವುದಿಲ್ಲ. ಬಾಬಾಬುಡನ್‌ಗಿರಿಯ ಚಳಿಯೂ ಅದಕ್ಕೆ ಸಾಲದು, ಆದ್ದರಿಂದ ನರ್ಸರಿಯವರು ಚೆರ್ರಿ ಗಿಡವೆಂದು ಕೊಟ್ಟದ್ದನ್ನು ತೋಟದಲ್ಲಿ ನೆಡುವ ಮೊದಲು ಯಾವ ಜಾತಿ ಎಂದು ಕೇಳಿ. ಸಿಂಗಪುರ ಚೆರ್ರಿ ಎಂದರೆ ಶಾಲೆಯ ಅಂಗಳಗಳಲ್ಲಿ ಮಕ್ಕಳು ಹತ್ತುವ ಗಸಗಸೆ ಹಣ್ಣಿನ ಮರ, ಚೆರ್ರಿಗೂ ಅದಕ್ಕೂ ನಂಟಿಲ್ಲ. ಬೇಕರಿ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ನಮ್ಮ ದೇಶದಲ್ಲಿ ಬಹುಪಾಲು ಕವಳೆಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಕುದಿಸಿ, ಬಣ್ಣ ಹಾಕಿದ್ದು.

ಕ್ರಿಕೆಟ್ ಕಾಮೆಂಟರಿಯಲ್ಲಿ ‘ನ್ಯೂ ಚೆರ್ರಿ’ ಎಂದರೆ ಹೊಳೆಯುವ ಹೊಸ ಕೆಂಪು ಚೆಂಡು. ಬೀದಿದೀಪ ರಿಪೇರಿಗೆ ಬರುವ, ತುದಿಯಲ್ಲಿ ಆಳು ನಿಲ್ಲುವ ತೊಟ್ಟಿಲಿರುವ, ಮೇಲಕ್ಕೆತ್ತುವ ವಾಹನಕ್ಕೆ ಚೆರ್ರಿ ಪಿಕರ್ ಎನ್ನುತ್ತಾರೆ. ‘ಚೆರ್ರಿ ಪಿಕಿಂಗ್’ ಎಂಬುದನ್ನು ಕಚೇರಿ, ಕೋರ್ಟು, ಟಿವಿ ಚರ್ಚೆಗಳಲ್ಲಿ ಬೈಗುಳದ ಅರ್ಥದಲ್ಲಿ ಬಳಸುತ್ತಾರೆ: ತನ್ನ ವಾದಕ್ಕೆ ಅನುಕೂಲವಾದ ಅಂಕಿಅಂಶ ಮಾತ್ರ ಆರಿಸಿ ಉಳಿದದ್ದನ್ನು ಮುಚ್ಚಿಡುವುದು. ಕಾಫಿ ತೋಟದಲ್ಲಿ ಅದು ಮೆಚ್ಚುಗೆಯ ಮಾತು. ಒಂದೇ ಗಿಡಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಮರಳಿ ಬಂದು ಹಣ್ಣಾದದ್ದನ್ನಷ್ಟೇ ಬಿಡಿಸುವ ಕೈಗಳಿಂದಲೇ ಒಳ್ಳೆಯ ಪಾರ್ಚ್‌ಮೆಂಟ್ ಬರುವುದು. ಅಮೆರಿಕದ ಆಡುಮಾತಿನಲ್ಲಿ ಈ ಪದಕ್ಕೆ ಕನ್ಯತ್ವವನ್ನು ಸೂಚಿಸುವ ಒರಟು ಅರ್ಥವೂ ಇದೆ. ಬ್ರ್ಯಾಂಡಿಗೆ ಹೆಸರಿಡುವವರು, ಜಾಹೀರಾತಿಗೆ ಸಾಲು ಬರೆಯುವವರು ಅದನ್ನು ತಿಳಿದಿರುವುದು ಕ್ಷೇಮ.

ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಬಹುವಚನದ ಕಡೆ ಗಮನವಿರಲಿ. ‘ಕಾಫಿ ಚೆರ್ರೀಸ್’ ಎಂದು ಬರೆದರೆ ಓದುವವರು ಹಸಿ ಹಣ್ಣೆಂದೇ ತಿಳಿಯುತ್ತಾರೆ. ‘ರೊಬಸ್ಟಾ ಚೆರ್ರಿ’ ಎಂದು ಏಕವಚನದಲ್ಲಿ ಬರೆದರೆ ಭಾರತದ ವ್ಯಾಪಾರಸ್ಥರಿಗೆ ಅರ್ಥವಾಗುತ್ತದೆ, ಹೊರಗಿನವರಿಗೆ ಅನುಮಾನ ಉಳಿಯುತ್ತದೆ. ಅಲ್ಲಿಗೆ ಕಳಿಸುವ ಸ್ಯಾಂಪಲ್ ಚೀಟಿಯ ಮೇಲೆ ಜಾತಿ, ತಳಿ, ಕೊಯ್ದ ತಿಂಗಳು, ಇಡೀ ಹಣ್ಣಾಗಿ ಒಣಗಿಸಿದ್ದು ಎಂಬ ಮಾತು, ತೇವಾಂಶ, ಸಿಪ್ಪೆ ತೆಗೆದಿದೆಯೋ ಇಲ್ಲವೋ ಎಂಬುದು, ಜರಡಿಯ ಗಾತ್ರ ಇಷ್ಟನ್ನೂ ಬಿಡಿಬಿಡಿಯಾಗಿ ಬರೆಯಿರಿ. ಊರಿನ ವ್ಯಾಪಾರಿಗೆ ಫೋನ್ ಮಾಡುವಾಗ ‘ಚೆರ್ರಿ ರೇಟ್ ಎಷ್ಟು’ ಎಂದಷ್ಟೇ ಕೇಳದೆ, ರೊಬಸ್ಟಾವೋ ಅರೇಬಿಕಾವೋ, ಚೀಲಕ್ಕೋ ಔಟ್‌ಟರ್ನ್‌ಗೋ, ಎಷ್ಟು ತೇವಕ್ಕೆ, ಕಡಿತ ಹೇಗೆ ಎಂದು ಕೇಳಿ, ಹೇಳಿದ ಅಂಕಿಯನ್ನು ತಾರೀಖಿನ ಜೊತೆ ಬರೆದಿಟ್ಟುಕೊಳ್ಳಿ.